ರಮಾದೇವಿಯ ಪಾಠದಲ್ಲಿ ಉಳಿದ ‘ಇಲ್ಲಿ’

ರಮಾದೇವಿ ಗೌನಿಪಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದಳು, ನಾನು ಕನ್ನಡ. ಹತ್ತನೇ ಕ್ಲಾಸಿನ ಚಂದನಳಿಗೆ ಕಣ್ಣು ಕಾಣುವುದಿಲ್ಲ. ವಿಜ್ಞಾನ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಬಹುದಿತ್ತು. ಬೇಡ, ಇದನ್ನೇ ಓದು ಎಂದು ಧೈರ್ಯ ತುಂಬಿದವಳು ರಮಾದೇವಿ. ಅಂದಿನಿಂದ ರಮಾದೇವಿಯದೇ ಧೈರ್ಯ ಹೋಯಿತು.

“ಹುಡುಗಿ ಫೇಲಾದ್ರೆ ಅವ್ರಜ್ಜಿ ಆವಲಮ್ಮ ತೆಲುಗಲ್ಲಿ ಬೈತಾಳೆ ಕಣೇ” ಎನ್ನುತ್ತಿದ್ದಳು ನನ್ನ ಹತ್ತಿರ.

“ಕನ್ನಡದಲ್ಲಿ ಬೈದ್ರೆ ಪರವಾಗಿಲ್ವಾ?”

“ಕನ್ನಡದಲ್ಲಿ ಅವಳಿಗೆ ಅಷ್ಟು ಮಾತು ಬರಲ್ಲ.”

ಚಂದನಳಿಗಾಗಿ ಒಂದೊಂದೇ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನಡುನಡುವೆ ಅವಳ ಮನೆಮಾತಿನ ತೆಲುಗು ಸೇರಿಸಿ, ಇಂಟರ್‌ನೆಟ್ಟಿಗೆ ಹಾಕುತ್ತಿದ್ದಳು. ಯಾರು ಬೇಕಾದರೂ ಕೇಳಬಹುದು, ಹಂಚಬಹುದು, ತಪ್ಪಿದ್ದರೆ ತಿದ್ದಬಹುದು ಎಂದು ಪ್ರತಿ ಪಾಠದ ಕೊನೆಗೆ ಹೇಳುತ್ತಿದ್ದಳು. ಬೋರ್ಡಿನ ಮುಂದೆ ನಿಂತು ಬೆಳೆದ ಅಭ್ಯಾಸ ಮಾತ್ರ ಬಿಡಲಿಲ್ಲ. “ಇಲ್ಲಿ ನೋಡಿ, ಹೀಗೆ ಬರುತ್ತೆ” ಅಂದುಬಿಡುವಳು. “ಇಲ್ಲಿ ಅಂದ್ರೆ ಎಲ್ಲಿ ಮಿಸ್?” ಎಂದು ಚಂದನ ಕೇಳಿದ ಮೇಲೆ, ಮುಗಿದ ಪಾಠಗಳನ್ನೆಲ್ಲ ಮತ್ತೆ ಕೇಳಿ, ಅಂಥ ಮಾತುಗಳನ್ನು ಹುಡುಕಿ ಹುಡುಕಿ ತೆಗೆದಳು.

ಮಸೂರದ ಪಾಠವನ್ನು ಜ್ವರದಲ್ಲೇ ಮಾಡಿದಳು. ಅದನ್ನು ಮತ್ತೆ ಕೇಳಿ ತಿದ್ದುವ ಮೊದಲೇ ಕೋಲಾರದ ಆಸ್ಪತ್ರೆಗೆ ಹೋದವಳು ಹಿಂದಿರುಗಲಿಲ್ಲ.

ಪರೀಕ್ಷೆ ಹತ್ತಿರವಾದಾಗ ಚಂದನ ನನ್ನ ಬಳಿ ಬಂದಳು. “ಸುನಂದ ಮಿಸ್, ಮಸೂರದ ಪಾಠದಲ್ಲಿ ರಮಾದೇವಿ ಮಿಸ್ ಬೆಳಕು ಇಲ್ಲಿ ಬಾಗಿ ಇಲ್ಲಿ ಸೇರುತ್ತೆ ಅಂತಾರೆ. ಎಷ್ಟು ಸಲ ಕೇಳಿದ್ರೂ ಗೊತ್ತಾಗ್ತಿಲ್ಲ.”

ತಿದ್ದಬೇಕೆಂದರೆ ರಮಾದೇವಿಯ ದನಿಯನ್ನು ಕತ್ತರಿಸಬೇಕು. ಅವಳ ಕೊನೆಯ ದನಿ ಅದು, ನಡುವೆ ಒಂದು ಕೆಮ್ಮೂ ಇದೆ. ಎರಡು ದಿನ ಫೋನ್ ಮುಟ್ಟಲಿಲ್ಲ. ನಾನು ಕನ್ನಡದ ಟೀಚರು, ತಪ್ಪು ಹೇಳಿಕೊಟ್ಟರೆ ಹುಡುಗಿಯ ಗತಿ? ಪುಸ್ತಕ ಓದಿದೆ, ಶ್ರೀನಿವಾಸಪುರದ ವಿಜ್ಞಾನದ ಮೇಷ್ಟರು ಅಮರನಾಥ್ ಅವರಿಗೆ ಫೋನ್ ಮಾಡಿ ಕೇಳಿದೆ. ಆಮೇಲೆ ಕಿಟಕಿ ಮುಚ್ಚಿ ಕೂತು, ಆ ‘ಇಲ್ಲಿ’ಯ ಮಾತನ್ನಷ್ಟೇ ಕತ್ತರಿಸಿ, ಅದರ ಜಾಗಕ್ಕೆ ನನ್ನ ದನಿ ರೆಕಾರ್ಡ್ ಮಾಡಿದೆ: “ಈ ಮಸೂರ ಮಾವಿನ ಓಟೆಯ ಹಾಗೆ, ನಡುವೆ ದಪ್ಪ, ಅಂಚು ತೆಳು. ದೂರದಿಂದ ಬಂದ ಬೆಳಕಿನ ಕಿರಣಗಳು ಅದನ್ನು ದಾಟಿ, ತುತ್ತು ಎತ್ತುವಾಗ ಬೆರಳ ತುದಿಗಳು ಕೂಡುವ ಹಾಗೆ ಒಂದೇ ಕಡೆ ಕೂಡುತ್ತವೆ.”

ಚಂದನ ಕೇಳುತ್ತಾ ತನ್ನ ಬೆರಳ ತುದಿಗಳನ್ನು ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸಿದಳು.

“ಕೆಮ್ಮು ತೆಗೆದ್ರಾ ಮಿಸ್?”

“ಇಲ್ಲ.”

“ಸರಿ. ಮುಂದಿನ ಪಾಠ?”

ಮುಂದಿನದನ್ನು ರಮಾದೇವಿ ಮಾಡಿರಲಿಲ್ಲ. ಪುಸ್ತಕ ತೆರೆದೆ. ಪುಟದ ತುಂಬ ಚಿತ್ರಗಳು.