ಚರಿಗೆ ಬಿದ್ದ ಮಧ್ಯಾಹ್ನ

ಬೀದರಿನಲ್ಲೂ ಭಾಲ್ಕಿಯಲ್ಲೂ ಕೇಳಿ ಕೇಳಿ ಸಾಕಾದ ಮೇಲೆ, ಭೂಕಂಪವಾದರೆ ಏನು ಮಾಡಬೇಕೆಂದು ಕಲಿಸುವ ತರಬೇತಿ ನನಗೆ ಔರಾದಿನಲ್ಲಿ ಸಿಕ್ಕಿತು.

"ಮನಿಯಾಗಿಂದ ಮೊದಲ ಯಾರನ್ನ ಹೊರಗ ತರ್ತೀರಿ?" ಎಂದು ಕಲಿಸುವವರು ಕೇಳಿದರು. ಎಲ್ಲರೂ ಮಕ್ಕಳನ್ನು ಎಂದರು. ನನ್ನ ಕಣ್ಣ ಮುಂದೆ ಹಲಬರ್ಗಾದ ನಮ್ಮ ಹಳೆಯ ಮನೆ ಬಂತು.

ನೆಲ ನಡುಗಿದರೆ ಸಪ್ಪಳವಾಗಲೆಂದು ಅವ್ವ ಗೋಡೆಯ ಗೂಡಿನಲ್ಲಿ ಬೋರಲು ಹಾಕಿದ ಚರಿಗೆಯ ಮೇಲೆ ಇನ್ನೊಂದು ಚರಿಗೆ ಇಟ್ಟಿರುತ್ತಿದ್ದಳು. ಒಂದು ಮಧ್ಯಾಹ್ನ ಅದು ಠಣ್ಣೆಂದು ಬಿತ್ತು. ನಾವೆಲ್ಲ ಎದ್ದುಬಿದ್ದು ಅಂಗಳಕ್ಕೆ ಓಡಿದೆವು. ಪಕ್ಕದ ಮನೆಯ ಖಾಲಾ ಹಿಟ್ಟು ಮೆತ್ತಿದ ಕೈಯಲ್ಲೇ ಬಂದರು. ನೆಲ ನಡುಗುವುದನ್ನೇ ಕಾಯುತ್ತ ನಿಂತೆವು.

ಆಗ ಒಳಗಿನಿಂದ, ಎದ್ದು ನಡೆಯಲಾಗದ ನಮ್ಮ ಅಜ್ಜಿಯ ದನಿ ಬಂತು:

"ಕೆಡವಿದ್ದು ಬೆಕ್ಕು! ಅದೊಂದೇ ನನ್ನ ಜೋಡಿ ಉಳದದ ನೋಡ್ರಿ."