ಕಂಚಿನ ಪಾದಕ್ಕೆ ನಮಸ್ಕಾರ

ನಾನು ಚಿಕ್ಕವನಿದ್ದಾಗ, ಅಂದರೆ ಈ ಶತಮಾನ ಆಗಷ್ಟೇ ಶುರುವಾಗಿದ್ದಾಗ, ನಾವು ಮೈಸೂರಿನಿಂದ ಮೆಲ್ಬರ್ನಿಗೆ ಬಂದೆವು. ಇಲ್ಲೇ ನೆಲೆಸಲು ಬೇಕಾದ ಪಿಆರ್ ಏನೋ ಕೈಯಲ್ಲಿತ್ತು, ಅಪ್ಪನಿಗೆ ಕೆಲಸ ಮಾತ್ರ ಸಿಕ್ಕಿರಲಿಲ್ಲ. ಇಂಟರ್ವ್ಯೂಗೆ ಅಲೆದು ಅಲೆದು ಅವರ ಬೂಟಿನ ಹಿಮ್ಮಡಿ ಸವೆದಿತ್ತು, ಮುಖವೂ ಬಾಡಿತ್ತು.

ಅಪ್ಪನಿಗೆ ಇನ್ನೊಂದು ಇಂಟರ್ವ್ಯೂ ಇದ್ದ ದಿನ ನಮಗೆ ಶಾಲೆಗೆ ರಜೆ. ಅಮ್ಮ ಬಾಕ್ಸ್ ಹಿಲ್‌ನ ಅಂಗಡಿಗೆ ಕೆಲಸಕ್ಕೆ ಹೋಗಿದ್ದಳು. ಹಾಗಾಗಿ ಅಪ್ಪ ನನ್ನನ್ನೂ ಹೈಸ್ಕೂಲಿನಲ್ಲಿದ್ದ ಅಕ್ಕನನ್ನೂ ಕರೆದುಕೊಂಡು ಗ್ಲೆನ್ ವೇವರ್ಲಿಯಲ್ಲಿ ರೈಲು ಹತ್ತಿದರು. ಇಂಟರ್ವ್ಯೂ ಇದ್ದ ಆಫೀಸಿನ ಎದುರಿಗೇ ಒಂದು ಪಾರ್ಕ್. ಅಲ್ಲಿ ಉದ್ದ ಕೋಟು ತೊಟ್ಟ ಯಾವುದೋ ಹಳೆಯ ಮಂತ್ರಿಯ ಕಂಚಿನ ಪ್ರತಿಮೆ. ಕತ್ತರಿಸಿದ ಹುಲ್ಲಿನ ಹಸಿ ವಾಸನೆಯ ಜೊತೆ ಸೀಮೆಎಣ್ಣೆಯಂಥದ್ದೇನೋ ಮೂಗಿಗೆ ಬಡಿಯುತ್ತಿತ್ತು.

ಮೈಸೂರಿನಲ್ಲಿ ಅಪ್ಪ ತಮ್ಮ ತಂದೆಯ ಕಾಲಿಗೆ ನಮಸ್ಕರಿಸದೆ ಯಾವ ದೊಡ್ಡ ಕೆಲಸಕ್ಕೂ ಹೊರಟವರಲ್ಲ. ಫೋನ್ ಮಾಡೋಣವೆಂದರೆ ಊರಿನಲ್ಲಿ ಇನ್ನೂ ಬೆಳಗಾಗಿರಲಿಲ್ಲ. ಅಪ್ಪ ಅತ್ತಿತ್ತ ನೋಡಿದರು. ಪ್ರತಿಮೆಯ ಕಟ್ಟೆ ಎತ್ತರವಿತ್ತು; ಬಗ್ಗುವ ಬದಲು ಕೈ ಚಾಚಿ ಆ ಕಂಚಿನ ಬೂಟು ಮುಟ್ಟಿ, ಕೈಗಳನ್ನು ಕಣ್ಣಿಗೂ ಹಣೆಗೂ ಒತ್ತಿಕೊಂಡರು.

ಪ್ರತಿಮೆಗೆ ಅಂದು ಬೆಳಿಗ್ಗೆಯೇ ಹೊಳಪಿಗೆಂದು ಕಂದು ಮೇಣ ಬಳಿದಿದ್ದರು. ಅದಿನ್ನೂ ಒಣಗಿರಲಿಲ್ಲ.

"ಅಪ್ಪಾ, ಹಣೆಯೆಲ್ಲಾ ಬ್ರೌನ್!" ಎಂದು ಅಕ್ಕ ಕಿರುಚಿದಳು. ಟಿಶ್ಯೂ ತೆಗೆದು ಉಜ್ಜಿದಷ್ಟೂ ಅದು ಹುಬ್ಬಿನವರೆಗೆ ಹರಡಿತು. ನನಗೆ ನಗು ಬಂತು. ಅಪ್ಪನನ್ನು ನೋಡಿ ನುಂಗಿಕೊಂಡೆ.

"ಬಿಡು ಪುಟ್ಟಿ, ಟೈಮ್ ಆಯ್ತು. ಇಲ್ಲೇ ಕೂತಿರಿ, ಎಲ್ಲೂ ಹೋಗ್ಬೇಡಿ" ಎಂದು ಅಪ್ಪ ರಸ್ತೆ ದಾಟಿದರು.

ಹೋದಷ್ಟೇ ಬೇಗ ಬಂದರು. ಕಟ್ಟೆಗೆ ಒರಗಿ ಕುಳಿತು, "ಲೋಕಲ್ ಎಕ್ಸ್‌ಪೀರಿಯನ್ಸ್ ಬೇಕಂತೆ" ಎಂದರು.

"ಹಣೇದು ಏನೂ ಕೇಳ್ಲಿಲ್ವಾ?"

"ಇಲ್ಲ ಪುಟ್ಟಿ. ಯಾರೂ ಸರಿಯಾಗಿ ಮುಖಾನೇ ನೋಡ್ಲಿಲ್ಲ."

ರೈಲಿನಲ್ಲಿ ಅಪ್ಪ ಕಿಟಕಿಗೆ ತಲೆಯಾನಿಸಿ ನಿದ್ದೆಹೋದರು. ನಮ್ಮದು ಕೊನೆಯ ಸ್ಟೇಷನ್, ದಾರಿಯುದ್ದಕ್ಕೂ ನಾವು ಎಬ್ಬಿಸಲಿಲ್ಲ. ಕೆಲಸ ಆಮೇಲೆ ಬೇರೆಲ್ಲೋ ಸಿಕ್ಕಿತು ಬಿಡಿ, ಆದರೆ ಆ ದಿನದ ಆಯಾಸ ಇವತ್ತಿಗೂ ನನ್ನ ಮೈಯಲ್ಲಿದೆ.

ಮೊಮ್ಮಕ್ಕಳೇ, ನೀವೋ, ಪರೀಕ್ಷೆಯಿರಲಿ ಇಂಟರ್ವ್ಯೂ ಇರಲಿ, "ಬೈ ತಾತ" ಎಂದು ಬಾಗಿಲಿನಿಂದಲೇ ಓಡುತ್ತೀರಿ. ನನಗೇನೂ ಬೇಸರವಿಲ್ಲ. ಸರಿ, ಸ್ವಲ್ಪ ಇದೆ. ಆದರೂ ನಿಮ್ಮ ಬೆನ್ನ ಹಿಂದೆ "ಹೋಗಿ ಬಾ, ಒಳ್ಳೇದಾಗಲಿ" ಎನ್ನಲು ಈ ಮನೆಯಲ್ಲಿ ನಾನಿದ್ದೇನೆ, ನಿಮ್ಮ ಅಜ್ಜಿ ಇದ್ದಾಳೆ, ಪಕ್ಕದ ಸಬರ್ಬಿನಲ್ಲಿ ನನ್ನ ಅಕ್ಕ ಇದ್ದಾಳೆ. ಅಪ್ಪನಿಗೆ ಅಂದು ಅಷ್ಟು ದೊಡ್ಡ ಊರಿನಲ್ಲಿ ಸಿಕ್ಕ ಹಿರಿಯ ಆ ಕಂಚಿನವನೊಬ್ಬನೇ.