ತೊಳೆಯದ ಬೆರಳು

ಪಿರಿಯಾಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿ ಪಂಚಾಯ್ತಿ ಉಪಚುನಾವಣೆ. ಶಾಲೆ ಮೇಷ್ಟ್ರಾದ ನನಗೆ ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚುವ ಕೆಲಸ. ಹೊಗೆಸೊಪ್ಪು ಮುರಿಯುವ ಕಾಲವಾದ್ದರಿಂದ ಬಂದವರೆಲ್ಲ ಟೊಮ್ಯಾಟೊ ಉಜ್ಜಿ, ಕೈಗೆ ಮೆತ್ತಿದ ಸೊಪ್ಪಿನ ಅಂಟು ತೊಳೆದುಕೊಂಡೇ ಬಂದಿದ್ದರು. ಒಬ್ಬಾಕೆ ಮಾತ್ರ ಕಪ್ಪು ಹಿಡಿದ ಬೆರಳನ್ನೇ ಚಾಚಿದಳು. ಹಚ್ಚಿದ ಶಾಯಿ ಕಾಣಲೇ ಇಲ್ಲ. ನನಗೆ ರೇಗಿತು.

"ಕೈ ತೊಳ್ಕೊಂಡು ಬರೋಕೇನಮ್ಮ ಕಷ್ಟ?"

"ಬೇಕಂತ್ಲೇ ತೊಳೀಲಿಲ್ಲ ಕಣ್ ಮೇಷ್ಟ್ರೇ. ನಮ್ಮನೆಯೋರು ಓಟಾಕ್‌ಬ್ಯಾಡ ಅಂದವ್ರೆ. ಶಾಯಿ ಕಾಣ್ದಂಗೇ ಇರ್ಲಿ ಬುಡಿ."

ಕೋಪ ಎಲ್ಲಿ ಹೋಯಿತೋ, ಕುತೂಹಲ ತಡೆಯಲಾಗಲಿಲ್ಲ. "ಅಂಟು ನಾಲ್ಕು ದಿನಕ್ಕೆ ಹೋಗುತ್ತೆ, ಶಾಯಿ ಹೋಗಲ್ಲ. ಆಗ ಏನು ಹೇಳ್ತೀರಿ?"

"ಓಟಾಕ್ದೆ ಅಂತ್ಲೇ ಏಳ್ತೀನಿ," ಅಂದಳು. "ಅಷ್ಟೊತ್ಗೆ ನೀವು ಎಣ್ಸಿ ಮುಗ್ಸಿರ್ತೀರಲ್ಲ."